ಒಬ್ಬೊಬ್ಬರಿಗೂ ಒಂದೊಂದು ಏಣಿ

ನನ್ನ ಮೇಜಿನ ಡ್ರಾಯರಿನಲ್ಲಿ ಇಪ್ಪತ್ತೇಳು ಇಪ್ಪತ್ತೆಂಟು ವರ್ಷಗಳಷ್ಟು ಹಳೆಯದಾದ ಒಂದು ಉಕ್ತಲೇಖನದ ಪುಸ್ತಕವಿದೆ. ಅದು ಮೂರನೆಯ ತರಗತಿಯ ಒಬ್ಬ ಹುಡುಗನದು. ಕೊನೆಯ ಪುಟದಲ್ಲಿ ಹತ್ತು ಪದಗಳಿವೆ. ನಾನು ‘ಗಿಡ’ ಎಂದು ಹೇಳಿದ್ದನ್ನು ಆತ ‘ಕಿಟ’ ಎಂದು ಬರೆದಿದ್ದಾನೆ. ‘ಬಾಗಿಲು’ ಎಂಬುದು ‘ಪಾಕಿಲು’ ಆಗಿದೆ. ‘ದಾರ’ವು ‘ತಾರ’ವಾಗಿದೆ; ‘ಗಾಳಿ’ಯು ‘ಕಾಳಿ’ಯಾಗಿದೆ. ಹತ್ತಕ್ಕೆ ಎರಡು ಅಂಕ. ಕೆಳಗೆ ಕೆಂಪು ಶಾಯಿಯಲ್ಲಿ ನನ್ನದೇ ಕೈಬರಹ: ‘ಗಮನವಿಲ್ಲ. ಪ್ರತಿಯೊಂದನ್ನೂ ನೂರು ಸಲ ಬರೆಯುವುದು.’ ಆ ಹುಡುಗ ನೂರು ಸಲ ಬರೆಯಲಿಲ್ಲ. ಮರುವಾರದಿಂದ ಶಾಲೆಗೇ ಬರಲಿಲ್ಲ.

ಗಮನವಿಲ್ಲವೆಂದು ನಾನು ಬರೆದದ್ದು ಸುಳ್ಳು. ಆ ಹುಡುಗ ನಮ್ಮಲ್ಲಿಗೆ ಬರುವ ಮುನ್ನ ಎರಡು ವರ್ಷ ತಮಿಳು ಮಾಧ್ಯಮದಲ್ಲಿ ಓದಿದ್ದ. ತಮಿಳು ಲಿಪಿಯಲ್ಲಿ ಕ-ಗಗಳಿಗೆ ಒಂದೇ ಅಕ್ಷರ. ಟ-ಡಗಳಿಗೆ ಒಂದು, ತ-ದಗಳಿಗೆ ಒಂದು, ಪ-ಬಗಳಿಗೆ ಒಂದು. ಎಲ್ಲಿ ಯಾವ ಉಚ್ಚಾರವೆಂಬುದನ್ನು ಓದುವವನು ಸಂದರ್ಭದಿಂದ ತಿಳಿದುಕೊಳ್ಳಬೇಕು. ಆತ ತಾನು ಕಲಿತ ಆ ನಿಯಮವನ್ನು ಕನ್ನಡಕ್ಕೂ ಬಹು ನಿಷ್ಠೆಯಿಂದ ಅನ್ವಯಿಸಿದ್ದ. ನಾನು ಕೆಂಪು ಗೆರೆ ಎಳೆದದ್ದು ಎಂಟು ಕಡೆ. ತಪ್ಪು ಇದ್ದದ್ದು ಒಂದೇ. ಆ ಒಂದನ್ನು ತಿದ್ದಲು ಅರ್ಧ ಗಂಟೆ ಅವನೊಬ್ಬನ ಪಕ್ಕದಲ್ಲಿ ಕುಳಿತಿದ್ದರೆ ಸಾಕಾಗುತ್ತಿತ್ತು. ಆದರೆ ತರಗತಿಯಲ್ಲಿ ಇನ್ನೂ ನಲವತ್ತು ಮಕ್ಕಳಿದ್ದರು, ಮುಗಿಸಬೇಕಾದ ಪಾಠಗಳಿದ್ದವು, ಮೇಲಧಿಕಾರಿಗಳ ಭೇಟಿಯೂ ಸಮೀಪಿಸಿತ್ತು. ಹೀಗೆ ಕಾರಣಗಳನ್ನು ಹೇಳುತ್ತ ಹೋಗುವುದು ಶಿಕ್ಷಕನಾದವನಿಗೆ ಸುಲಭ.

‘ವೈಯಕ್ತಿಕ ಬೋಧನೆ ಮತ್ತು ನವೀನ ಬೋಧನ ವಿಧಾನಗಳು’ ಎಂಬ ಅಧ್ಯಾಯವನ್ನು ನಾನು ಶಿಕ್ಷಕ ತರಬೇತಿಯಲ್ಲಿ ಓದಿರಲಿಲ್ಲವೆಂದಲ್ಲ. ಹೆರ್ಬಾರ್ಟನ ಸೋಪಾನಗಳು, ಡಾಲ್ಟನ್ ಯೋಜನೆ, ಮಾಂಟೆಸರಿ ಪದ್ಧತಿ, ಇವೆಲ್ಲವನ್ನೂ ಕಂಠಪಾಠ ಮಾಡಿ ಹತ್ತು ಅಂಕದ ಪ್ರಶ್ನೆಗೆ ಎರಡು ಪುಟದ ಉತ್ತರ ಬರೆದಿದ್ದೆ. ಪ್ರತಿ ಮಗುವೂ ತನ್ನದೇ ವೇಗದಲ್ಲಿ ಕಲಿಯುತ್ತದೆಂಬ ತತ್ತ್ವವನ್ನು ನಮಗೆ ಕಲಿಸಿದ್ದಾದರೂ ಹೇಗೆ? ಎಪ್ಪತ್ತು ಮಂದಿ ಒಂದೇ ಕೊಠಡಿಯಲ್ಲಿ ಕುಳಿತು, ಒಂದೇ ಟಿಪ್ಪಣಿಯನ್ನು, ಒಂದೇ ವೇಗದಲ್ಲಿ ಬರೆದುಕೊಳ್ಳುವುದರ ಮೂಲಕ! ಅಂದು ಅದರ ವಿನೋದ ನಮಗಾರಿಗೂ ಹೊಳೆಯಲಿಲ್ಲ.

ವೈಯಕ್ತಿಕ ಬೋಧನೆಯೆಂದರೆ ದೊಡ್ಡ ಪೇಟೆಗಳ ಶ್ರೀಮಂತ ಶಾಲೆಗಳಿಗೆ ಹೇಳಿದ್ದು, ನಮ್ಮಂಥ ಗಡಿನಾಡಿನ ಹಳ್ಳಿಯ ಶಾಲೆಗಳಿಗೆ ಒಗ್ಗದ್ದು ಎಂಬ ಅಭಿಪ್ರಾಯ ನಮ್ಮ ಬಂಧುಗಳಲ್ಲಿ ಬಲವಾಗಿದೆ. ಮೂವತ್ತು ವರ್ಷ ಈ ಕೆಲಸದಲ್ಲಿ ಸವೆದ ನನಗೆ ಅದು ತಲೆಕೆಳಗಾದ ಮಾತಾಗಿ ತೋರುತ್ತದೆ. ನಮ್ಮ ಶಾಲೆಯನ್ನೇ ನೋಡಿ. ರಾಯಕೋಟೆಯ ಸುತ್ತಿನ ಹಳ್ಳಿ. ಐದು ತರಗತಿಗಳಿಂದ ಕಳೆದ ವರ್ಷ ಒಟ್ಟು 31 ಮಕ್ಕಳು, ಇಬ್ಬರು ಶಿಕ್ಷಕರು. 2009ರ ಶಿಕ್ಷಣ ಹಕ್ಕು ಕಾಯಿದೆಯಲ್ಲಿ 60 ಮಕ್ಕಳವರೆಗಿನ ಪ್ರಾಥಮಿಕ ಶಾಲೆಗೆ ಇಬ್ಬರು ಶಿಕ್ಷಕರೆಂದು ನಿಗದಿಯಾಗಿರುವುದರಿಂದ ನಮಗೆ ಮೂರನೆಯವರು ಬರುವ ಮಾತಿಲ್ಲ. ಇಬ್ಬರಲ್ಲಿ ಒಬ್ಬರು ಸಭೆಗೋ ತರಬೇತಿಗೋ ಹೋದ ದಿನ ಉಳಿದವರೊಬ್ಬರೇ ಐದೂ ತರಗತಿಗಳಿಗೆ ದಿಕ್ಕು. ಇಂಥಲ್ಲಿ ಒಂದನೆಯ ತರಗತಿಗೆ ನಿಂತು ಉಪನ್ಯಾಸ ಮಾಡಿದರೆ ಉಳಿದ ನಾಲ್ಕು ತರಗತಿಗಳು ಕೈಕಟ್ಟಿ ಕುಳಿತಿರಬೇಕು. ಮಕ್ಕಳು ತಾವಾಗಿಯೇ, ತಮ್ಮ ತಮ್ಮ ಮೆಟ್ಟಿಲಿನಲ್ಲಿ ಕಲಿಯುವ ಏರ್ಪಾಡು ದೊಡ್ಡ ಶಾಲೆಗೆ ಶೋಭೆಯಿರಬಹುದು, ನಮಗಂತೂ ಅದು ಅನ್ನ.

ಜಗಲಿಯ ಮೇಲಿನ ಮರಳು

ಈ ಏರ್ಪಾಡು ಹೊಸದೂ ಅಲ್ಲ, ಹೊರಗಿನದೂ ಅಲ್ಲ. ನಮ್ಮ ಬೆಟ್ಟದ ಕೋಟೆ 1791ರಲ್ಲಿ ಕಂಪನಿಯ ಸೈನ್ಯದ ವಶವಾಯಿತು. ಮರುವರ್ಷ ಶ್ರೀರಂಗಪಟ್ಟಣದ ಒಪ್ಪಂದದಲ್ಲಿ ಬಾರಾಮಹಲ್ ಸೀಮೆ ಅವರ ಪಾಲಾದಾಗ, ಅದರ ಆಡಳಿತಕ್ಕೆ ಬಂದ ಕ್ಯಾಪ್ಟನ್ ರೀಡನ ಸಹಾಯಕರಲ್ಲಿ ಥಾಮಸ್ ಮನ್ರೋ ಒಬ್ಬ. 1799ರವರೆಗೆ ಆತ ಈ ಸೀಮೆಯಲ್ಲಿ ಕೆಲಸ ಮಾಡಿದ. ಮುಂದೆ ಮದ್ರಾಸಿನ ಗವರ್ನರನಾದಾಗ, 1822ರಲ್ಲಿ, ಪ್ರಾಂತದಲ್ಲಿ ಎಷ್ಟು ಶಾಲೆಗಳಿವೆ, ಅಲ್ಲಿ ಯಾರು ಏನು ಕಲಿಯುತ್ತಾರೆ ಎಂದು ಪ್ರತಿ ಜಿಲ್ಲೆಯ ಕಲೆಕ್ಟರನಿಂದಲೂ ವರದಿ ತರಿಸಿದ. ಒಟ್ಟು 12,498 ಶಾಲೆಗಳೆಂದು ಲೆಕ್ಕ ಸಿಕ್ಕಿತು. ಎಲ್ಲವೂ ಜಗಲಿಯ ಮೇಲೆ, ಗುಡಿಯ ಪ್ರಾಕಾರದಲ್ಲಿ, ಮರದ ನೆರಳಿನಲ್ಲಿ ನಡೆಯುತ್ತಿದ್ದ ಶಾಲೆಗಳು. ಕನ್ನಡಿಗರು ಕೂಲಿಮಠವೆಂದು ಕರೆದದ್ದೂ ತಮಿಳರು ತಿಣ್ಣೈ ಶಾಲೆಯೆಂದು ಕರೆದದ್ದೂ ಇವನ್ನೇ.

ಆ ವರದಿಗಳಲ್ಲಿ ಬಳ್ಳಾರಿಯ ಕಲೆಕ್ಟರ್ ಎ. ಡಿ. ಕ್ಯಾಂಬೆಲ್ 1823ರಲ್ಲಿ ಬರೆದದ್ದು ಅತ್ಯಂತ ವಿವರವಾದದ್ದು. ಆತನ ಜಿಲ್ಲೆಯಲ್ಲಿ 533 ಶಾಲೆಗಳು, 6,641 ವಿದ್ಯಾರ್ಥಿಗಳು. ಶಾಲೆಗಳಲ್ಲಿ 235 ಕನ್ನಡದವು, 226 ತೆಲುಗಿನವು. ಮಕ್ಕಳು ಮೊದಲು ಮರಳಿನ ಮೇಲೆ ಬೆರಳಿನಿಂದ ಅಕ್ಷರ ತಿದ್ದಿ, ಆಮೇಲೆ ಹಲಗೆಗೂ ಕಡತಕ್ಕೂ ಏರುತ್ತಿದ್ದರು. ಶಾಲೆಯಲ್ಲಿ ಸಾಮಾನ್ಯವಾಗಿ ನಾಲ್ಕು ವರ್ಗಗಳಿದ್ದವು. ಒಂದು ವರ್ಗದಿಂದ ಇನ್ನೊಂದಕ್ಕೆ ಹುಡುಗ ಏರುತ್ತಿದ್ದುದು ತನ್ನ ಶಕ್ತಿ ಮತ್ತು ಪ್ರಗತಿಗೆ ತಕ್ಕಂತೆ. ವರ್ಷಕ್ಕೊಮ್ಮೆ ಎಲ್ಲರನ್ನೂ ಒಟ್ಟಿಗೆ ದಾಟಿಸುವ ಪದ್ಧತಿ ಇರಲಿಲ್ಲ. ಮುಂದಿದ್ದವರು ಹಿಂದಿದ್ದವರಿಗೆ ಹೇಳಿಕೊಡುತ್ತಿದ್ದರು. ಐಗಳು ಎಲ್ಲರ ಮೇಲೆ ಒಂದು ಕಣ್ಣಿಟ್ಟು, ಮೇಲಿನ ವರ್ಗವನ್ನು ತಾವೇ ನೋಡಿಕೊಳ್ಳುತ್ತಿದ್ದರು. ಈ ಕ್ರಮವನ್ನು ಇಂಗ್ಲೆಂಡು ಅನುಕರಿಸಿರುವುದು ಉಚಿತವೇ ಆಗಿದೆಯೆಂದು ಕ್ಯಾಂಬೆಲ್ ಮೆಚ್ಚಿಕೊಂಡಿದ್ದಾನೆ.

ಅನುಕರಣೆಯ ಆ ಕಥೆಯೂ ಮದ್ರಾಸಿನದೇ. ಎಗ್ಮೋರಿನಲ್ಲಿ ಕಂಪನಿಯ ಸಿಪಾಯಿಗಳ ಅನಾಥ ಗಂಡುಮಕ್ಕಳಿಗಾಗಿ ಒಂದು ಶಾಲೆಯಿತ್ತು. 1789ರಲ್ಲಿ ಅದರ ಮೇಲ್ವಿಚಾರಕನಾದವನು ಆಂಡ್ರ್ಯೂ ಬೆಲ್ ಎಂಬ ಸ್ಕಾಟ್ಲೆಂಡಿನ ಪಾದ್ರಿ. ಒಂದು ದಿನ ದಾರಿಯಲ್ಲಿ ನಾಡಶಾಲೆಯೊಂದರ ಮಕ್ಕಳು ಮರಳಿನಲ್ಲಿ ಅಕ್ಷರ ಬರೆಯುವುದನ್ನು ಕಂಡು, ತನ್ನ ಶಾಲೆಯಲ್ಲೂ ಅದನ್ನೇ ಮಾಡಿರೆಂದ. ಉಪಾಧ್ಯಾಯರು ಒಪ್ಪಲಿಲ್ಲ. ಆಗ ಬೆಲ್ ಜಾನ್ ಫ್ರಿಸ್ಕೆನ್ ಎಂಬ ಎಂಟು ವರ್ಷದ ಹುಡುಗನನ್ನೇ ಚಿಕ್ಕಮಕ್ಕಳ ಗುರುವಾಗಿ ನೇಮಿಸಿದ. ಹುಡುಗ ಗೆದ್ದ. 1797ರಲ್ಲಿ ಬೆಲ್ ಲಂಡನ್ನಿನಲ್ಲಿ ಇದನ್ನು ಪುಸ್ತಕವಾಗಿ ಪ್ರಕಟಿಸಿದ ಮೇಲೆ ‘ಮದ್ರಾಸ್ ಪದ್ಧತಿ’ ಎಂಬ ಹೆಸರಿನಲ್ಲಿ ಅದು ಇಂಗ್ಲೆಂಡಿನ ಬಡಮಕ್ಕಳ ಶಾಲೆಗಳನ್ನೆಲ್ಲ ವ್ಯಾಪಿಸಿತು. ಸ್ಕಾಟ್ಲೆಂಡಿನ ಸೇಂಟ್ ಆಂಡ್ರ್ಯೂಸ್ ಊರಿನಲ್ಲಿ ‘ಮದ್ರಾಸ್ ಕಾಲೇಜ್’ ಎಂಬ ಶಾಲೆ ಇಂದಿಗೂ ಇದೆ.

ಆದರೆ ಅಲ್ಲಿ ನೂರಾರು ಮಕ್ಕಳನ್ನು ಒಂದೇ ಹಜಾರದಲ್ಲಿ ಸಾಲಾಗಿ ಕೂರಿಸಿ, ಅಪ್ಪಣೆಯಂತೆ ಏಳಿಸಿ ಕೂರಿಸುವ ಕವಾಯತಾಗಿ ಅದು ಮಾರ್ಪಟ್ಟಿತು. ಜಗಲಿಯಲ್ಲಿ ಮಗುವಿನ ವೇಗವೇ ಮುಖ್ಯವಾಗಿದ್ದರೆ ಅಲ್ಲಿ ಖರ್ಚಿನ ಉಳಿತಾಯವೇ ಮುಖ್ಯವಾಯಿತು. ಇತ್ತ ನಮ್ಮಲ್ಲಿಯೋ, ಸರ್ಕಾರಿ ಶಾಲೆ ಬಂದಾಗ ವಯಸ್ಸಿಗೊಂದು ತರಗತಿ, ತರಗತಿಗೊಂದು ಪುಸ್ತಕ, ಪುಸ್ತಕಕ್ಕೊಂದು ಪರೀಕ್ಷೆ ಎಂಬ ಚೌಕಟ್ಟು ಬಂದಿತು. ಜಗಲಿಯ ಶಾಲೆಯನ್ನು ನಾವು ಹಳೆಯ ಕಾಲದ್ದೆಂದು ಮರೆತೆವು.

ಹಾಗೆಂದು ಕೂಲಿಮಠವನ್ನು ಹೊಗಳಿ ಅಟ್ಟಕ್ಕೇರಿಸುವ ಉದ್ದೇಶ ನನಗಿಲ್ಲ. ಕ್ಯಾಂಬೆಲನ 6,641 ಮಕ್ಕಳಲ್ಲಿ ಹೆಣ್ಣುಮಕ್ಕಳು 60 ಮಾತ್ರ. ಬೆಳಗ್ಗೆ ಮೊದಲು ಬಂದ ಹುಡುಗನ ಅಂಗೈಯ ಮೇಲೆ ಸರಸ್ವತಿಯ ಹೆಸರು ಬರೆಯುತ್ತಿದ್ದರು, ಎರಡನೆಯವನಿಗೆ ಸೊನ್ನೆ, ಮೂರನೆಯವನಿಗೆ ಒಂದು ಮೆಲ್ಲನೆಯ ಏಟು, ನಾಲ್ಕನೆಯವನಿಗೆ ಎರಡು, ಹೀಗೆ ಒಬ್ಬೊಬ್ಬರಿಗೂ ಒಂದೊಂದು ಹೆಚ್ಚು. ಮಗುವಿನ ವೇಗವನ್ನು ಗೌರವಿಸಿದವರೇ ಮಗುವಿನ ಮೈಯನ್ನು ಗೌರವಿಸಲಿಲ್ಲ. ಎರಡೂ ಒಂದೇ ಜಗಲಿಯ ಮೇಲೆ ನಡೆದವು.

ರ, ಗ, ಸ, ದ, ಅ

ಮರೆತದ್ದು ಮರಳಿ ಬಂದ ದಾರಿಯೂ ನಮಗೆ ದೂರದ್ದಲ್ಲ. 1939ರಲ್ಲಿ ಮಾರಿಯಾ ಮಾಂಟೆಸರಿಯವರು ಮದ್ರಾಸಿನ ಅಡೆಯಾರಿಗೆ ಬಂದು, ಯುದ್ಧದ ಕಾರಣ 1946ರವರೆಗೆ ಭಾರತದಲ್ಲೇ ಉಳಿದು ಶಿಕ್ಷಕರನ್ನು ತಯಾರುಮಾಡಿದ್ದು ಅನೇಕರಿಗೆ ತಿಳಿದಿದೆ. ಆದರೆ ಅವರ ಸಾಮಗ್ರಿಗಳು ದುಬಾರಿ. ಹಳ್ಳಿಯ ಸರ್ಕಾರಿ ಶಾಲೆಯ ಹೊಸ್ತಿಲನ್ನು ಅವು ದಾಟಲಿಲ್ಲ. ದಾಟಿದ್ದು ಮದನಪಲ್ಲಿಯಿಂದ ಬಂದ ಕಾರ್ಡುಗಳು.

ನಮ್ಮ ಊರಿನಿಂದ ಉತ್ತರಕ್ಕೆ, ಕೋಲಾರದ ಆಚೆ, ಮದನಪಲ್ಲಿಯ ಬಳಿ ಜೆ. ಕೃಷ್ಣಮೂರ್ತಿಯವರ ಚಿಂತನೆಯಿಂದ ಹುಟ್ಟಿದ ರಿಷಿವ್ಯಾಲಿ ಶಾಲೆಯಿದೆ. 1980ರ ದಶಕದಲ್ಲಿ ಅಲ್ಲಿನ ಪದ್ಮನಾಭ ರಾವ್ ಮತ್ತು ರಮಾ ದಂಪತಿಗಳು ಸುತ್ತಣ ಹಳ್ಳಿಗಳಲ್ಲಿ ಏಕೋಪಾಧ್ಯಾಯ ಶಾಲೆಗಳನ್ನು ನಡೆಸುತ್ತ, ಪಠ್ಯಪುಸ್ತಕವನ್ನು ಬಿಚ್ಚಿ ಸಣ್ಣ ಸಣ್ಣ ಕಾರ್ಡುಗಳಾಗಿ ಮಾಡಿದರು. ಒಂದೊಂದು ಕಾರ್ಡಿನಲ್ಲಿ ಒಂದೊಂದು ಸಣ್ಣ ಕೆಲಸ. ಕಾರ್ಡುಗಳನ್ನೆಲ್ಲ ಕ್ರಮವಾಗಿ ಜೋಡಿಸಿ ಗೋಡೆಯ ಮೇಲೆ ಒಂದು ಏಣಿಯ ಪಟವನ್ನು ತೂಗುಹಾಕಿದರು. ಮಗು ತಾನು ಯಾವ ಮೆಟ್ಟಿಲಿನಲ್ಲಿರುವೆನೆಂದು ಅದರಲ್ಲಿ ನೋಡಿಕೊಂಡು, ತನ್ನ ಕಾರ್ಡನ್ನು ತಾನೇ ಎತ್ತಿಕೊಂಡು, ಮುಗಿಸಿದ ಮೇಲೆ ಮುಂದಿನ ಮೆಟ್ಟಿಲಿಗೆ ಹೋಗಬೇಕು. ಅವಸರವಿಲ್ಲ, ನಿಲುಗಡೆಯೂ ಇಲ್ಲ.

1995ರಲ್ಲಿ ಮೈಸೂರು ಜಿಲ್ಲೆಯ ಹೆಗ್ಗಡದೇವನಕೋಟೆ ತಾಲ್ಲೂಕಿನ ಕೆಲವು ಸರ್ಕಾರಿ ಶಾಲೆಯ ಶಿಕ್ಷಕರು ಅಲ್ಲಿಗೆ ಹೋಗಿ ನೋಡಿ ಬಂದರು. ಕಬಿನಿಯ ಕಾಡಂಚಿನ ಆ ತಾಲ್ಲೂಕಿನಲ್ಲಿ ಮಕ್ಕಳು ಶಾಲೆಗೆ ಬರುವುದೇ ಕಷ್ಟ, ಬಂದರೆ ನಿಲ್ಲುವುದು ಇನ್ನೂ ಕಷ್ಟವಾಗಿತ್ತು. ಯುನಿಸೆಫ್ ಸಂಸ್ಥೆಯ ನೆರವಿನಿಂದ ಅವರು ತಮ್ಮ ಕೈಯಿಂದಲೇ ಕನ್ನಡದ ಕಾರ್ಡುಗಳನ್ನು ಬರೆದರು. ಅದೇ ‘ನಲಿ-ಕಲಿ’. 2009-10ರಲ್ಲಿ ಕರ್ನಾಟಕವು ಅದನ್ನು ರಾಜ್ಯದ ಕನ್ನಡ ಮಾಧ್ಯಮದ ಸರ್ಕಾರಿ ಶಾಲೆಗಳ ಕೆಳಗಿನ ತರಗತಿಗಳಿಗೆಲ್ಲ ವಿಸ್ತರಿಸಿತು.

ನಲಿ-ಕಲಿಯಲ್ಲಿ ನನ್ನನ್ನು ಮೊದಲು ಬೆರಗುಗೊಳಿಸಿದ್ದು ಅಕ್ಷರಗಳ ಕ್ರಮ. ನಾವೆಲ್ಲ ‘ಅ’ದಿಂದ ಹೊರಟು, ಸ್ವರಗಳನ್ನೆಲ್ಲ ದಾಟಿ, ‘ಙ’ ‘ಞ’ಗಳೆಂಬ, ಬಾಳಿನಲ್ಲಿ ಒಮ್ಮೆಯೂ ಬಳಸದ ಅಕ್ಷರಗಳಲ್ಲಿ ಏದುಸಿರು ಬಿಟ್ಟು, ತಿಂಗಳುಗಳ ಮೇಲೆ ‘ಳ’ಕ್ಕೆ ತಲುಪಿದವರು. ಅಷ್ಟು ಹೊತ್ತಿಗೂ ಒಂದು ಪದವನ್ನು ನಾವಾಗಿ ಓದಿರುತ್ತಿರಲಿಲ್ಲ. ನಲಿ-ಕಲಿಯ ಮಗು ಮೊದಲು ಕಲಿಯುವುದು ರ, ಗ, ಸ, ದ, ಅ ಎಂಬ ಐದು ಅಕ್ಷರಗಳನ್ನು. ಕಾಗುಣಿತವಿಲ್ಲ, ಒತ್ತಕ್ಷರವಿಲ್ಲ. ಆದರೆ ಆ ಐದರಿಂದಲೇ ಸರ, ರಸ, ದರ, ಅರಸ, ಗರಗಸ ಎಂದು ಓದಬಹುದು. ಐದು ಅಕ್ಷರ ಕಲಿತ ಮಗು ಓದುಗನಾಗಿಬಿಡುತ್ತದೆ! ಆಮೇಲೆ ಜ, ವ, ಮ, ಬ, ನ. ಅಲ್ಲಿಗೆ ಮರ, ವನ, ಜನ, ದನ, ಮನ ಎಲ್ಲವೂ ಬಂದವು. ನಮ್ಮ ಸುತ್ತಿನ ಹಳ್ಳಿಗಳಲ್ಲಿ ಹೂ ಬೆಳೆಯುವವರ ಮನೆಯ ಮಗು ‘ಸರ’ವನ್ನು ಮೊದಲು ಹಿಡಿಯುತ್ತದೆ, ಮರ ಕೊಯ್ಯುವವರ ಮನೆಯ ಒಬ್ಬ ಹುಡುಗ ‘ಗರಗಸ’ವನ್ನು ಓದಿದ ದಿನ ಶಾಲೆಯ ಗೋಡೆಯ ಮೇಲೆಲ್ಲ ಅದನ್ನೇ ಬರೆದಿಟ್ಟಿದ್ದ. ಗದರಿಸಬೇಕೆಂದು ಹೋದವನು ಬರಿಗೈಯಲ್ಲಿ ಹಿಂದಿರುಗಿದೆ.

ಮಕ್ಕಳು ಕೂರುವ ಕ್ರಮವೂ ಹೇಳತಕ್ಕದ್ದೇ. ಕಾರ್ಡಿನ ಮೇಲಿರುವ ಪ್ರಾಣಿಪಕ್ಷಿಗಳ ಚಿತ್ರವನ್ನು ನೋಡಿ ಮಗು ಯಾವ ಗುಂಪಿಗೆ ಹೋಗಬೇಕೆಂದು ತಿಳಿದುಕೊಳ್ಳುತ್ತದೆ. ಶಿಕ್ಷಕನ ಪೂರ್ಣ ಸಹಾಯ ಬೇಕಾದವರು ಒಂದು ಕಡೆ, ಅಷ್ಟಿಷ್ಟು ಬೇಕಾದವರು ಇನ್ನೊಂದು ಕಡೆ, ಜೊತೆಯವರಿಂದ ಕಲಿಯುವವರು ಮತ್ತೊಂದು ಕಡೆ, ತಾನೇ ಕಲಿಯುವವರು ಬೇರೊಂದು ಕಡೆ. ಹೊಸ ಅಕ್ಷರ ಕಲಿಯುವಾಗ ಶಿಕ್ಷಕನ ಬಳಿ ಇದ್ದ ಮಗುವೇ ಅದರ ಅಭ್ಯಾಸ ಮುಗಿಯುವ ಹೊತ್ತಿಗೆ ಇನ್ನೊಬ್ಬರಿಗೆ ಹೇಳಿಕೊಡುತ್ತಿರುತ್ತದೆ. ಐಗಳ ಜಗಲಿಯೇ ಅಲ್ಲವೆ ಇದು, ಏಟೊಂದನ್ನು ಬಿಟ್ಟು?

ತಮಿಳುನಾಡಿಗೂ ಇದೇ ಬೀಜ ಬಂದಿತು. 2003ರಲ್ಲಿ ಚೆನ್ನೈ ಮಹಾನಗರ ಪಾಲಿಕೆಯ ಆಯುಕ್ತರಾಗಿದ್ದ ಎಂ. ಪಿ. ವಿಜಯಕುಮಾರ್ ಅವರು ಪಾಲಿಕೆಯ 13 ಶಾಲೆಗಳಲ್ಲಿ ಇದನ್ನು ಆರಂಭಿಸಿದರು. 2007-08ರಲ್ಲಿ ‘ಸೆಯಲ್‌ವಳಿ ಕಟ್ರಲ್’ ಎಂಬ ಹೆಸರಿನಲ್ಲಿ ಅದು ರಾಜ್ಯದ ಸರ್ಕಾರಿ ಪ್ರಾಥಮಿಕ ಶಾಲೆಗಳಿಗೆಲ್ಲ ಹರಡಿತು. ಕೊರೋನಾ ಕಾಲದಲ್ಲಿ 2020ರ ಮಾರ್ಚಿನಿಂದ 2021ರ ಅಕ್ಟೋಬರ್‌ವರೆಗೆ ಚಿಕ್ಕಮಕ್ಕಳ ಶಾಲೆಗಳು ಮುಚ್ಚಿದ್ದವಷ್ಟೆ. ಆ ನಷ್ಟವನ್ನು ತುಂಬಲೆಂದು 2022ರಲ್ಲಿ ‘ಎಣ್ಣುಂ ಎಳುತ್ತುಂ’ ಯೋಜನೆ ಬಂದಿತು. ಅದರಲ್ಲಿಯೂ ಮಕ್ಕಳನ್ನು ತರಗತಿಯಿಂದಲ್ಲದೆ ಕಲಿಕೆಯ ಹಂತದಿಂದ ಗುರುತಿಸುತ್ತಾರೆ: ಅರುಂಬು, ಮೊಟ್ಟು, ಮಲರ್. ಮುಗುಳು, ಮೊಗ್ಗು, ಹೂ ಎಂದು ಅರ್ಥ. ಹೆಸರಿಟ್ಟವರಿಗೆ ನಮಸ್ಕಾರ. ಮುಗುಳನ್ನು ದಡ್ಡ ಎಂದು ಯಾರೂ ಕರೆಯಲಾರರಲ್ಲ!

ಇಸ್ಪೀಟಿನ ಶಾಲೆ

ನಮ್ಮ ಶಾಲೆಯಲ್ಲಿ ಇದು ಸಲೀಸಾಗಿ ನಡೆಯಿತೆಂದು ಓದುಗರು ಭಾವಿಸಬಾರದು. ಆನೇಕಲ್ಲಿನ ಕಡೆ ಶಿಕ್ಷಕಿಯಾಗಿರುವ ನನ್ನ ತಂಗಿಯಿಂದ ನಲಿ-ಕಲಿಯ ಕಾರ್ಡುಗಳನ್ನು ಎರವಲು ತಂದು, ನಾನೂ ನನ್ನ ಸಹೋದ್ಯೋಗಿ ಶಿಕ್ಷಕಿಯೂ ಬೇಸಿಗೆಯ ರಜೆಯಲ್ಲಿ ಕುಳಿತು ನಮ್ಮ ಮಕ್ಕಳಿಗೆ ಬೇಕಾದಂತೆ ಬೇರೆ ಕಾರ್ಡುಗಳನ್ನು ಬರೆದೆವು. ಹಳೆಯ ಲಗ್ನಪತ್ರಿಕೆಗಳ ಹಿಂಬದಿಯಷ್ಟು ಒಳ್ಳೆಯ ರಟ್ಟು ಹಳ್ಳಿಯಲ್ಲಿ ಬೇರೆ ಸಿಕ್ಕದು. ಒಂದು ಕಡೆ ‘ಮರ’, ಇನ್ನೊಂದು ಕಡೆ ಯಾರದೋ ಚಿ॥ರಾ॥! ಮಕ್ಕಳು ಎರಡನ್ನೂ ಓದಿದರು.

ಶಾಲೆ ಆರಂಭವಾದ ಎರಡನೆಯ ವಾರದಲ್ಲಿ ಒಬ್ಬ ಅಜ್ಜಿ ಮೊಮ್ಮಗನ ಕೈಹಿಡಿದು ಬಂದು, ‘ಏನು ಮೇಷ್ಟ್ರೇ, ಮಕ್ಕಳಿಗೆ ಇಸ್ಪೀಟು ಕಲಿಸ್ತಾ ಇದೀರಂತೆ?’ ಎಂದು ಕೇಳಿದರು. ನಾನು ನಕ್ಕೆ, ಅವರು ನಗಲಿಲ್ಲ. ಪುಸ್ತಕ ಬಿಡಿಸಿ ಓದಬೇಕು, ಗಟ್ಟಿಯಾಗಿ ಬಾಯಿಪಾಠ ಒಪ್ಪಿಸಬೇಕು, ಮೇಷ್ಟ್ರು ಬೋರ್ಡಿನ ಮುಂದೆ ನಿಂತಿರಬೇಕು. ಹಾಗಿಲ್ಲದ್ದು ಶಾಲೆಯೇ ಅಲ್ಲವೆಂಬುದು ಅವರ ತೀರ್ಮಾನ. ಪಾಪ, ಅದರಲ್ಲಿ ತಪ್ಪೇನಿದೆ? ಅಂಥ ಶಾಲೆಯಿಂದಲೂ ತಮ್ಮ ಮಕ್ಕಳು ಹೊರಗೆ ಉಳಿದದ್ದನ್ನು ಕಂಡವರು ಅವರು. ಮೊಮ್ಮಗನಿಗಾದರೂ ಅದು ಸಿಗಲೆಂಬ ಆಸೆ. ಆ ಮಗು ದೀಪಾವಳಿಯ ಹೊತ್ತಿಗೆ ಪಟಾಕಿಯ ಪೊಟ್ಟಣದ ಮೇಲಿನ ಹೆಸರನ್ನು ಓದಿದ ಮೇಲೆ ಇಸ್ಪೀಟಿನ ಮಾತು ನಿಂತಿತು.

ನಾವು ಬರೆದ ಕಾರ್ಡುಗಳಲ್ಲಿ ನನಗೆ ಹೆಚ್ಚು ಪ್ರಿಯವಾದದ್ದು ಜೋಡಿಪದಗಳ ಕಟ್ಟು: ಕರಿ-ಗರಿ, ತಡ-ದಡ, ಪೇಟೆ-ಬೇಟೆ, ಕೂಡು-ಗೂಡು. ತಮಿಳುನಾಡಿನ 2006ರ ಕಾಯಿದೆಯ ನಂತರ ನಮ್ಮ ಮಕ್ಕಳು ಒಂದನೆಯ ತರಗತಿಯಿಂದಲೇ ತಮಿಳನ್ನೂ ಕಲಿಯುತ್ತಾರೆ. ಬಾಳುವ ನೆಲದ ಭಾಷೆಯನ್ನು ಕಲಿಯುವುದು ಬೇಕಾದದ್ದೇ. ಅದರ ಬಗ್ಗೆ ನನಗೆ ತಕರಾರಿಲ್ಲ. ಆದರೆ ಕನ್ನಡ, ತಮಿಳು, ಇಂಗ್ಲಿಷ್ ಎಂಬ ಮೂರು ಲಿಪಿಗಳನ್ನು ಆರು ವರ್ಷದ ಮಗು ಒಟ್ಟಿಗೆ ಹೊರಬೇಕಾಗಿರುವುದರಿಂದ, ಅಂದು ಒಬ್ಬ ಹುಡುಗನಿಗಿದ್ದ ಕ-ಗಗಳ ತೊಡಕು ಇಂದು ಹಲವರಿಗೆ ಇದೆ. ಕಾರ್ಡಿನೊಡನೆ ಒಂದು ಸಣ್ಣ ಆಟವನ್ನೂ ಇಟ್ಟಿದ್ದೇವೆ. ಮಗು ಕೊರಳಿನ ಮೇಲೆ ಎರಡು ಬೆರಳಿಟ್ಟುಕೊಂಡು ‘ಗ್’ ಎಂದು ಹಿಡಿದು ನಿಲ್ಲಬೇಕು. ಬೆರಳಿಗೆ ನಡುಕ ತಿಳಿಯುತ್ತದೆ. ‘ಕ್’ ಎಂದರೆ ನಡುಕವಿಲ್ಲ. ‘ದ್’-‘ತ್’, ‘ಬ್’-‘ಪ್’, ‘ಡ್’-‘ಟ್’ ಎಲ್ಲವೂ ಹೀಗೆಯೇ. ನಡುಗಿದರೆ ಒಂದು ಅಕ್ಷರ, ನಡುಗದಿದ್ದರೆ ಇನ್ನೊಂದು. ತಮಿಳಿನಲ್ಲಿ ಎರಡಕ್ಕೂ ಒಂದೇ ಎಂದು ಹೇಳಿಕೊಟ್ಟರೆ ಮಗು ಎರಡು ಲಿಪಿಗಳನ್ನೂ ಬೇರೆಬೇರೆಯಾಗಿ ಇಟ್ಟುಕೊಳ್ಳುತ್ತದೆ.

ಎಲ್ಲ ತಪ್ಪಿಗೂ ಇದೇ ಮದ್ದಲ್ಲ. ಕುಪ್ಪಂ ಕಡೆಯಿಂದ ಬಂದು ಸೇರಿದ ಮಗು ಕನ್ನಡದ ಅಕ್ಷರಗಳಿಗೆಲ್ಲ ತೆಲುಗಿನ ತಲೆಕಟ್ಟನ್ನೇ ಹಾಕುತ್ತಿತ್ತು. ಅದು ಓದಿನಲ್ಲಿ ಯಾರಿಗೂ ಕಡಿಮೆಯಿರಲಿಲ್ಲ. ಇನ್ನೊಂದು ಹುಡುಗಿ ಬೋರ್ಡಿನಿಂದ ನಕಲು ಮಾಡುವಾಗ ಮಾತ್ರ ತಪ್ಪುತ್ತಿದ್ದಳು, ಕಾರ್ಡಿನಿಂದ ಬರೆಯುವಾಗ ಇಲ್ಲ. ಕೃಷ್ಣಗಿರಿಯ ಆಸ್ಪತ್ರೆಯಲ್ಲಿ ಕನ್ನಡಕ ಹಾಕಿದರು, ಮುಗಿಯಿತು. ‘ತಕ್ಕಾಳಿ’ಯ ಚಿತ್ರ ನೋಡಿ ‘ಟೊಮೇಟೊ’ ಎಂದು ಬರೆಯಲು ಬಾರದ ಮಗುವಿಗೆ ಅಕ್ಷರ ಬಾರದೆಂದಲ್ಲ, ಆ ಪದವೇ ಮನೆಯಲ್ಲಿಲ್ಲ. ನಾಲ್ವರ ಉಕ್ತಲೇಖನದಲ್ಲೂ ಅಂಕ ಒಂದೇ. ಕಾರಣ ನಾಲ್ಕು.

ಇನ್ನು ಗೈರುಹಾಜರಿಯ ವಿಷಯ. ಆಯುಧಪೂಜೆಗೆ ಮುನ್ನ ಚೆಂಡುಹೂವಿನ ಕೊಯ್ಲು ಬಂದಾಗ, ಟೊಮೇಟೊ ಬೆಲೆ ಏರಿದಾಗ, ದೊಡ್ಡ ಮಕ್ಕಳು ತೋಟಕ್ಕೂ ಚಿಕ್ಕವರನ್ನು ನೋಡಿಕೊಳ್ಳಲು ಮನೆಗೂ ಬೇಕಾಗುತ್ತಾರೆ. ಅದು ಸರಿಯಲ್ಲವೆಂದು ಮನೆಮನೆಗೆ ಹೋಗಿ ಹೇಳುತ್ತೇವೆ, ಕೆಲವರು ಕೇಳುತ್ತಾರೆ. ಹಿಂದಿನ ಕ್ರಮದಲ್ಲಿ ಹತ್ತು ದಿನ ತಪ್ಪಿಸಿದ ಮಗುವಿಗೆ ಪಾಠವು ಹೊರಟುಹೋದ ಬಸ್ಸಿನಂತೆ. ಹಿಂದೆ ಓಡಿ ಹಿಡಿಯಲಾಗದೆ ಕೊನೆಗೆ ನಿಲ್ದಾಣಕ್ಕೆ ಬರುವುದನ್ನೇ ಬಿಡುತ್ತಿತ್ತು. ಏಣಿ ಎಲ್ಲಿಗೂ ಹೋಗುವುದಿಲ್ಲ. ಹತ್ತು ದಿನದ ಮೇಲೆ ಬಂದರೂ ಹದಿನೇಳನೆಯ ಮೆಟ್ಟಿಲು ಹದಿನೇಳರಲ್ಲೇ ಇರುತ್ತದೆ.

ಶಿಕ್ಷಕ ಬಂಧುಗಳಿಗೆ ಒಂದು ಮಾತು. ಕಾರ್ಡುಗಳಿದ್ದ ಮಾತ್ರಕ್ಕೆ ವೈಯಕ್ತಿಕ ಬೋಧನೆ ಆಗುವುದಿಲ್ಲವೆಂಬುದನ್ನು ನಾನು ಅನೇಕ ಕಡೆ ಕಂಡಿದ್ದೇನೆ. ಹೊರಗಿನವರು ಬಂದಾಗ ಮಕ್ಕಳನ್ನು ವೃತ್ತಾಕಾರವಾಗಿ ಕೂರಿಸಿ ಕಾರ್ಡು ಹಂಚುವುದು, ಅವರು ಹೋದ ಮೇಲೆ ಬೀರುವಿಗೆ ಬೀಗ ಹಾಕಿ ಬೋರ್ಡಿನ ಮುಂದೆ ನಿಲ್ಲುವುದು. ಇಲ್ಲವೆ, ಏಣಿಯನ್ನೇ ದೇವರೆಂದು ತಿಳಿದು, ಓದಬಲ್ಲ ಮಗುವನ್ನೂ ಒಂದು ಮೆಟ್ಟಿಲು ಹಾರಲು ಬಿಡದೆ ಕಾರ್ಡಿನ ಮೇಲೆ ಕಾರ್ಡು ತಿನ್ನಿಸುವುದು. ಮಕ್ಕಳು ಏನನ್ನು ಕಲಿತರೆಂದು ದಾಖಲಿಸುವುದರಲ್ಲೇ ಕಲಿಸುವ ಹೊತ್ತು ಕಳೆದುಹೋಗುವುದೂ ಉಂಟು. ನನ್ನ ಶಾಲೆಯಲ್ಲಿಯೂ ಜ್ವರವೋ ಬೇಸರವೋ ಬಂದ ದಿನ ನಾನು ಎಲ್ಲರಿಗೂ ಒಂದೇ ಪಾಠ ಬರೆಸಿ ಕುಳಿತದ್ದುಂಟು.

1984ರಲ್ಲಿ ಬೆಂಜಮಿನ್ ಬ್ಲೂಮ್ ಎಂಬ ಅಮೆರಿಕದ ಶಿಕ್ಷಣಶಾಸ್ತ್ರಜ್ಞ ಒಂದು ಲೇಖನ ಪ್ರಕಟಿಸಿದ. ಒಬ್ಬೊಬ್ಬರಿಗೇ ಪಾಠ ಹೇಳಿಸಿಕೊಂಡ ಮಕ್ಕಳಲ್ಲಿ ಸಾಧಾರಣನಾದವನೂ, ಮಾಮೂಲು ತರಗತಿಯ ಮಕ್ಕಳಲ್ಲಿ ನೂರಕ್ಕೆ 98 ಮಂದಿಯನ್ನು ಮೀರಿಸಿದನೆಂಬುದು ಅದರ ಸಾರ. ಅಷ್ಟು ದೊಡ್ಡ ಲಾಭ ಎಲ್ಲ ಕಡೆಯೂ ಸಿಕ್ಕುವುದಿಲ್ಲವೆಂದು ಮುಂದಿನ ಸಂಶೋಧನೆಗಳು ತೋರಿಸಿವೆ. ಆದರೆ ಬ್ಲೂಮ್ ಎತ್ತಿದ ಪ್ರಶ್ನೆ ಉಳಿದಿದೆ: ಮಗುವಿಗೊಬ್ಬ ಗುರುವನ್ನು ಯಾವ ಸಮಾಜವೂ ಕೊಡಲಾರದು, ಹಾಗಿರುವಾಗ ಆ ಫಲವನ್ನು ಗುಂಪಿನಲ್ಲಿ ಪಡೆಯುವುದು ಹೇಗೆ? ಈ ಪ್ರಶ್ನೆಯ ಮುಂದೆ 31 ಮಕ್ಕಳ ಬಡಶಾಲೆ ಅಷ್ಟೇನೂ ಬಡದಾಗಿ ಕಾಣುವುದಿಲ್ಲ. ನಮ್ಮಲ್ಲಿ ಮಕ್ಕಳು ಕಡಿಮೆಯೆಂದು ಮರುಗುವ ಹಿರಿಯರು, ನಾಲ್ಕನೆಯ ತರಗತಿಯ ಹುಡುಗಿಯೊಬ್ಬಳು ಒಂದನೆಯ ತರಗತಿಯ ಮಗುವಿನ ಕೊರಳಿಗೆ ಬೆರಳಿಟ್ಟು ‘ಗ್’ ಹೇಳಿಸುವುದನ್ನು ಒಮ್ಮೆ ಬಂದು ನೋಡಬೇಕು. ವ್ಯಾನಿನಲ್ಲಿ ಪೇಟೆಯ ಶಾಲೆಗೆ ಮಕ್ಕಳನ್ನು ಕಳುಹಿಸುವ ಮುನ್ನ ನೋಡಿದರೆ ಇನ್ನೂ ಒಳ್ಳೆಯದು.

ಉಕ್ತಲೇಖನದ ಪುಸ್ತಕದ ಆ ಹುಡುಗ ಈಗ ರಾಯಕೋಟೆಯ ಟೊಮೇಟೊ ಮಂಡಿಯಲ್ಲಿ ಲಾರಿಗೆ ಕ್ರೇಟು ಹೇರುತ್ತಾನೆ. ಎಷ್ಟು ಕ್ರೇಟು, ಎಷ್ಟು ಕೂಲಿ ಎಂಬ ಲೆಕ್ಕವನ್ನು ಬಾಯಲ್ಲೇ ಮಾಡುತ್ತಾನೆ. ಚೀಟಿಯನ್ನು ಮಾತ್ರ ಇನ್ನೊಬ್ಬರಿಂದ ಓದಿಸಿಕೊಳ್ಳುತ್ತಾನೆ. ಕಳೆದ ತಿಂಗಳು ತರಕಾರಿಗೆಂದು ಹೋದಾಗ ಎದುರಾದ. ‘ನನ್ನ ಪುಸ್ತಕ ಇನ್ನೂ ಮಡಗಿದೀರಂತಲ್ಲ ಸಾರ್’ ಎಂದ. ಯಾರು ಹೇಳಿದರೋ. ಹೌದೆಂದೆ. ‘ನೂರು ಸಲ ಬರೀಬೇಕಿತ್ತು’ ಎಂದು ನಕ್ಕ. ಅಂದು ಅವನು ಮಾಡಿದ್ದು ಎಂಟು ತಪ್ಪಲ್ಲ, ಒಂದೇ ಎಂದೂ, ಅದು ಯಾವುದೆಂದೂ, ನಾನು ಅದನ್ನು ತಿಳಿಯದೆ ಹೋದೆನೆಂದೂ ಅಲ್ಲೇ ನಿಂತು ಹೇಳಿದೆ. ಆತ ಕ್ರೇಟನ್ನು ಕೆಳಗಿಳಿಸಿ, ಎರಡು ಬೆರಳನ್ನು ಕೊರಳಿಗೆ ಒತ್ತಿಕೊಂಡು, ‘ಗ್’ ಎಂದ, ‘ಕ್’ ಎಂದ, ಮತ್ತೊಮ್ಮೆ ‘ಗ್’ ಎಂದ. ಅಷ್ಟರಲ್ಲಿ ಲಾರಿಯವನು ಹಾರನ್ ಹೊಡೆದ.

‘ಮಗಳಿಗೆ ಐದು ತುಂಬ್ತು ಸಾರ್. ಜೂನಲ್ಲಿ ಕರ್ಕೊಂಡು ಬಂದು ನೋಡ್ತೀನಿ’ ಎಂದು ಕ್ರೇಟನ್ನು ಹೆಗಲಿಗೇರಿಸಿಕೊಂಡು ಹೊರಟ. ಸೇರಿಸುತ್ತೇನೆ ಎನ್ನಲಿಲ್ಲ.